ಬೀಜಾಡಿ ಕಡಲಿಂದ ಪೋರ್ಟ್ ಲೂಯಿಸ್‌ಗೆ ಎಷ್ಟು ದೂರ?

ಕಳೆದ ರಾಜ್ಯೋತ್ಸವದ ಕ್ವಿಜ್‌ನಲ್ಲಿ ನಾವು ಕೇಳಿದ ಒಂದು ಪ್ರಶ್ನೆಗೆ ಒಂದು ತಂಡವೂ ಪೂರ್ತಿ ಉತ್ತರ ಕೊಡಲಿಲ್ಲ. ಪ್ರಶ್ನೆ ಇದು: "1798ರ ಜನವರಿಯಲ್ಲಿ ಆಫ್ರಿಕಾದ ಒಂದು ದ್ವೀಪದ ರಾಜಧಾನಿಯಲ್ಲಿ ಹೊರಬಿದ್ದ ಪ್ರಕಟಣೆಯೊಂದು ಮರುವರ್ಷ ಕರ್ನಾಟಕದ ಒಂದು ದ್ವೀಪದ ರಾಜಧಾನಿ ಬೀಳೋದಕ್ಕೆ ನೆಪ ಆಯ್ತು. ಈ ಎರಡು ಊರುಗಳು ಯಾವುವು?" ಎರಡನೇ ಊರನ್ನು ಇಬ್ಬರು ಊಹಿಸಿದರು, ಶ್ರೀರಂಗಪಟ್ಟಣ ಅಂತ. ಮೊದಲನೇದಕ್ಕೆ ಎಲ್ಲರೂ ಪಾಸ್. ಉತ್ತರ "ಮಾರಿಷಸ್‌ನ ಪೋರ್ಟ್ ಲೂಯಿಸ್" ಅಂತ ನಾವು ಹೇಳಿದ ತಕ್ಷಣ ಹಿಂದಿನ ಬೆಂಚಿನಿಂದ ಗಲಾಟೆ ಶುರು. "ಇದು ಕನ್ನಡ ಕ್ವಿಜ್ಜಾ, ಯುಪಿಎಸ್‌ಸಿ ಎಕ್ಸಾಮಾ? ರಾಜ್ಯೋತ್ಸವಕ್ಕೂ ಮಾರಿಷಸ್‌ಗೂ ಎಂತ ಸಂಬಂಧ? ಪ್ರಶ್ನೆ ಕ್ಯಾನ್ಸಲ್ ಮಾಡಿ!"

ಅವತ್ತು ಸಮಯ ಇರಲಿಲ್ಲ. ಮ್ಯಾಗಜಿನ್‌ನಲ್ಲಿ ಉತ್ತರ ಬರೀತೀವಿ ಅಂತ ಮಾತು ಕೊಟ್ಟು ತಪ್ಪಿಸಿಕೊಂಡೆವು. ಆಮೇಲೆ ಓದುತ್ತಾ ಹೋದಾಗ ಒಂದು ವಿಷಯ ಗೊತ್ತಾಯ್ತು: ಆ ಸಂಬಂಧ ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು, ಅದು ನಮ್ಮ ತಂಡದ ಹುಡುಗನೊಬ್ಬನ ಊರಾದ ಬೀಜಾಡಿಯ ತನಕ ಬರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೇವೆ.

ಬೀಜಾಡಿ ಗೊತ್ತಿಲ್ಲದವರಿಗೆ: ಕುಂದಾಪುರದಿಂದ ಉಡುಪಿ ಕಡೆ ಹೋಗುವಾಗ ಕೋಟೇಶ್ವರ ದಾಟಿ, ಕುಂಭಾಶಿಯ ಆನೆಗುಡ್ಡೆಗೆ ಮುಂಚೆ ಬಲಕ್ಕೆ ತಿರುಗಿದರೆ ಸಿಗುವ ಕಡಲತಡಿಯ ಊರು. ಇಂಟರ್ನಲ್ಸ್ ಮುಗಿದ ವಾರ ನಾವು ಆರು ಜನ ಅವನ ಮನೆಗೆ ಹೋಗಿದ್ವಿ. ಸಂಜೆ ಹೊಯಿಗೆ ಮೇಲೆ ಕೂತು ಒಬ್ಬ ಮೊಬೈಲ್‌ನಲ್ಲಿ ಮ್ಯಾಪ್ ತೆಗೆದ. ಇಲ್ಲಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಯೆಮನ್ ಕರಾವಳಿಗೆ ಮುಟ್ಟುತ್ತೆ. ಮಾರಿಷಸ್ ಬೇಕಿದ್ದರೆ ಮುಖವನ್ನು ನೈರುತ್ಯಕ್ಕಿಂತ ಇನ್ನಷ್ಟು ದಕ್ಷಿಣಕ್ಕೆ ತಿರುಗಿಸಬೇಕು, ಭೂಮಧ್ಯರೇಖೆ ದಾಟಬೇಕು, ಒಟ್ಟು ನಾಲ್ಕು ಸಾವಿರ ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು. ದಾರಿಯಲ್ಲಿ ಬರೀ ನೀರು.

ದೋಣಿಯ ಪಕ್ಕ ಕೂತು ನಮ್ಮ ಮಾತು ಕೇಳ್ತಿದ್ದ ಅವನ ಅಜ್ಜಯ್ಯ, ಹಿಂದೆ ಕೈರಂಪಣಿ ಬಲೆ ಎಳೆದವರು, ನಗಾಡಿದರು. "ದೂರ ಲೆಕ್ಕ ಹಾಕಿ ಎಂತ ಮಾಡ್ತ್ರಿ ಮಕ್ಳೇ? ಗಾಳಿ ಎತ್ಲಾಗಿಂದ ಅಂದೇಳಿ ಕಾಣಿ ಮೊದ್ಲ್. ಗಾಳಿಗ್ ಎದ್ರ್ ಹೋಪುಕಾತ್ತಾ?"

ಆ ಒಂದು ಮಾತಿನಲ್ಲಿ ಪೋರ್ಟ್ ಲೂಯಿಸ್‌ನ ಅರ್ಧ ಇತಿಹಾಸ ಇದೆ ಅಂದರೆ ನಂಬಬೇಕು.

ಗಾಳಿ ಆರಿಸಿದ ಊರು

ಮಾರಿಷಸ್ ದೊಡ್ಡ ದ್ವೀಪ ಏನಲ್ಲ. ನಮ್ಮ ಉಡುಪಿ ಜಿಲ್ಲೆಯ ಸುಮಾರು ಅರ್ಧದಷ್ಟು. ಯುರೋಪಿನವರು ಬರುವಾಗ ಅಲ್ಲಿ ಮನುಷ್ಯರೇ ಇರಲಿಲ್ಲ. ಡೋಡೋ ಹಕ್ಕಿ ಇತ್ತು, ಅದು ಏನಾಯ್ತು ಅನ್ನೋದು ಎಲ್ಲರಿಗೂ ಗೊತ್ತು. 1598ರಲ್ಲಿ ಬಂದ ಡಚ್ಚರು ಮೊದಲು ನೆಚ್ಚಿಕೊಂಡದ್ದು ದ್ವೀಪದ ಆಗ್ನೇಯದ ಬಂದರನ್ನು. ಆ ಭಾಗದ ಸಮುದ್ರದಲ್ಲಿ ವರ್ಷದ ಬಹುಪಾಲು ಗಾಳಿ ಬೀಸೋದು ಆಗ್ನೇಯದಿಂದಲೇ. ಬೆನ್ನ ಹಿಂದಿನ ಗಾಳಿ ಹಾಯಿಯನ್ನು ತಳ್ಳಿಕೊಂಡು ಹಡಗನ್ನು ಬಂದರಿನ ಒಳಗೆ ಬಿಡುತ್ತೆ. ಸುಲಭ. ಆದರೆ ಹೊರಡುವಾಗ? ಅದೇ ಗಾಳಿ ಮುಖಕ್ಕೆ. ಹವಳದ ದಿಬ್ಬಗಳ ನಡುವಿನ ಕಿರಿದಾದ ದಾರಿಯಲ್ಲಿ ಗಾಳಿಗೆ ಎದುರಾಗಿ ಹಡಗು ಹೊರತರೋದು ದೊಡ್ಡ ತಲೆನೋವು.

ದ್ವೀಪದ ವಾಯವ್ಯದ ಬಂದರು ಇದಕ್ಕೆ ತದ್ವಿರುದ್ಧ. ಹಿಂದೆ ಸುಮಾರು 800 ಮೀಟರ್ ಎತ್ತರದ ಬೆಟ್ಟಗಳ ಸಾಲು, ಅದರ ಮರೆಯಲ್ಲಿ ಶಾಂತ ನೀರು. ಒಳಗೆ ಬರುವಾಗ ಹಗ್ಗ ಹಾಕಿ ಎಳೆಯೋ ಕೆಲಸ ಬೀಳಬಹುದು, ಆದರೆ ಹೊರಡುವಾಗ ಗಾಳಿ ತಾನೇ ತಳ್ಳುತ್ತೆ. ಯುದ್ಧದ ಹಡಗಿಗೂ ವ್ಯಾಪಾರದ ಹಡಗಿಗೂ ಬೇಕಾದಾಗ ಹೊರಡೋಕಾಗೋದು ಮುಖ್ಯ. ಡಚ್ಚರು 1710ರಲ್ಲಿ ದ್ವೀಪ ಬಿಟ್ಟು ಹೋದರು. 1715ರಲ್ಲಿ ಫ್ರೆಂಚರು ಬಂದು ಅದಕ್ಕೆ ಇಲ್ ದ ಫ್ರಾನ್ಸ್ ಅಂತ ಹೆಸರಿಟ್ಟರು. 1735ರಲ್ಲಿ ಗವರ್ನರ್ ಆಗಿ ಬಂದ ಮಾಹೆ ದ ಲಾ ಬೂರ್ದೊನೆ ಈ ವಾಯವ್ಯದ ಬಂದರನ್ನೇ ರಾಜಧಾನಿಯಾಗಿ ಕಟ್ಟಿದ. ಹದಿನೈದನೇ ಲೂಯಿಯ ಹೆಸರಿನ ಊರು, ಪೋರ್ಟ್ ಲೂಯಿಸ್. ಅಲ್ಲಿಯವರ ಬಾಯಲ್ಲಿ "ಪೋರ್ ಲೂಯಿ".

ಹಡಗು ರಿಪೇರಿ ಮಾಡುವ ಜಾಗ, ಆಸ್ಪತ್ರೆ, ಉಗ್ರಾಣ, ಊರಿಗೆ ನೀರು ತರುವ ಕಾಲುವೆ, ಎಲ್ಲ ಅವನ ಕಾಲದ್ದು. "ಕಟ್ಟಿದ" ಅಂತ ಗವರ್ನರ್ ಹೆಸರಿಗೆ ಬರೆಯೋದು ಇತಿಹಾಸದ ಅಭ್ಯಾಸ. ಕಲ್ಲು ಹೊತ್ತವರು ಮಡಗಾಸ್ಕರ್‌ನಿಂದಲೂ ಪೂರ್ವ ಆಫ್ರಿಕಾದಿಂದಲೂ ಹಿಡಿದು ತಂದ ಗುಲಾಮರು. ಗಾರೆ ಕೆಲಸ, ಮರಗೆಲಸಕ್ಕೆ ಪಾಂಡಿಚೇರಿ ಕಡೆಯಿಂದ ತಮಿಳು ಕುಶಲಕರ್ಮಿಗಳು ಬಂದರು. ಫ್ರೆಂಚರಿಗೆ ದಕ್ಷಿಣ ಭಾರತದವರೆಲ್ಲ "ಮಲಬಾರಿನವರು". ಹಾಗಾಗಿ ಊರಿನಲ್ಲಿ ಮಲಬಾರ್ ಕೇರಿ ಅಂತಲೇ ಒಂದು ಭಾಗ ಆಯ್ತು. ಬಿಳಿಯರ ಪೇಟೆ ನಡುವೆ, ಮಿಕ್ಕವರು ಅಂಚಿಗೆ. 1790ರ ದಶಕದ ಕೊನೆಯ ಹೊತ್ತಿಗೆ ದ್ವೀಪದ ಹತ್ತು ಜನರಲ್ಲಿ ಎಂಟು ಜನ ಗುಲಾಮರು.

ಇನ್ನೊಂದು ದ್ವೀಪ

ಈಗ ನಮ್ಮ ಕಡೆಯ ರಾಜಧಾನಿಗೆ ಬರೋಣ. ಶ್ರೀರಂಗಪಟ್ಟಣವನ್ನು ನಾವೆಲ್ಲ ಮೈಸೂರು ಟ್ರಿಪ್‌ನ ಮಧ್ಯದಲ್ಲಿ ಒಂದು ಗಂಟೆ ಇಳಿಯುವ ಊರಾಗಿ ನೋಡಿದವರು. ಅದು ದ್ವೀಪ ಅನ್ನೋದೇ ಬಸ್ಸಿನಲ್ಲಿ ಕೂತವರ ಗಮನಕ್ಕೆ ಬರೋದಿಲ್ಲ. ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡುವ ನಡುವಿನ ನೆಲ ಅದು. ರಂಗನಾಥನ ಗುಡಿಯ ಇತಿಹಾಸ ಗಂಗರ ಕಾಲಕ್ಕೆ ಹೋಗುತ್ತೆ. ಆಮೇಲೆ ವಿಜಯನಗರದ ಪ್ರತಿನಿಧಿಯ ಠಾಣೆ. 1610ರಲ್ಲಿ ರಾಜ ಒಡೆಯರು ಅದನ್ನು ಹಿಡಿದುಕೊಂಡರು, ಅದೇ ವರ್ಷ ಅಲ್ಲಿ ದಸರಾ ಶುರುವಾಯ್ತು. ಅಂದರೆ ಮೈಸೂರು ದಸರಾ ಹುಟ್ಟಿದ್ದು ಮೈಸೂರಿನಲ್ಲಲ್ಲ.

ಪೋರ್ಟ್ ಲೂಯಿಸ್‌ಗೆ ನೀರು ಬಾಗಿಲು. ಶ್ರೀರಂಗಪಟ್ಟಣಕ್ಕೆ ನೀರು ಗೋಡೆ. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದರೆ ಕೋಟೆಯ ಹತ್ತಿರ ಯಾವ ಸೈನ್ಯವೂ ಸುಳಿಯೋಕಾಗಲ್ಲ. ಮುತ್ತಿಗೆ ಹಾಕಿದವರು ಜೂನ್ ಒಳಗೆ ಕೆಲಸ ಮುಗಿಸಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಟಬೇಕು. ಒಳಗಿದ್ದವರ ಲೆಕ್ಕಾಚಾರ ಮಳೆ ಬರೋ ತನಕ ತಡೆದುಕೊಂಡರೆ ಸಾಕು ಅನ್ನೋದು.

ಆದರೆ ಗೋಡೆಯ ಒಳಗೆ ಕೂತ ರಾಜಧಾನಿಗೂ ಬಾಗಿಲು ಬೇಕಲ್ಲ? ಆ ಬಾಗಿಲು ನಮ್ಮ ಕರಾವಳಿ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ, ಅಲ್ಲಿಯವರೆಗೆ ಕೆಳದಿ ಅರಸರ ಕೈಲಿದ್ದ ಕುಂದಾಪುರ, ಬಸ್ರೂರು, ಮಂಗಳೂರಿನ ಕಡಲತಡಿ ಎಲ್ಲ ಒಟ್ಟಿಗೆ ಶ್ರೀರಂಗಪಟ್ಟಣಕ್ಕೆ ಸೇರಿತು. ಬೀಜಾಡಿಯೂ. ಘಟ್ಟದ ಮೇಲಿನ ನದಿದ್ವೀಪವೊಂದರಿಂದ ಈ ಹೊಯಿಗೆಯ ಕಂದಾಯ ತೀರ್ಮಾನ ಆಗತೊಡಗಿತು. ಈ ಬಾಗಿಲ ಬೆಲೆ ಇಂಗ್ಲಿಷರಿಗೂ ಗೊತ್ತಿತ್ತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಬಾಂಬೆಯ ಸೈನ್ಯ ತಂದು ಹೊನ್ನಾವರ ಹಿಡಿದು, ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ನುಗ್ಗಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ವಾಪಸ್ ಕಿತ್ತುಕೊಂಡ. ಬಾಳೆಬರೆ ಘಾಟಿ ಹತ್ತುವಾಗ ವಾಂತಿ ಮಾಡಿಕೊಳ್ಳೋ ನಮ್ಮ ಕ್ಲಾಸ್‌ಮೇಟ್‌ಗಳು ಈ ಸಿಪಾಯಿಗಳನ್ನು ಒಮ್ಮೆ ನೆನೆಸಿಕೊಳ್ಳಲಿ.

1792ರ ಯುದ್ಧದಲ್ಲಿ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ನಮ್ಮ ಕಡಲತಡಿ ಮಾತ್ರ ಅವನ ಕೈಯಲ್ಲೇ ಉಳಿಯಿತು. ಹೊರಗಿನ ಸಹಾಯ ಬರಬೇಕಿದ್ದರೆ ಬರೋ ದಾರಿ ಅದೊಂದೇ.

ಗುಟ್ಟು ರಟ್ಟಾದ ಬಗೆ

1797ರ ಆರಂಭದಲ್ಲಿ ಹಾಳಾದ ಹಡಗೊಂದು ಮಂಗಳೂರಿಗೆ ಬಂತು. ಅದರ ಕಪ್ತಾನ ರಿಪೋ ಎಂಬ ಫ್ರೆಂಚನ ಕಸುಬು, ಸರಕಾರದ ಪರವಾನಗಿ ಇಟ್ಟುಕೊಂಡು ಶತ್ರು ದೇಶದ ಹಡಗು ದೋಚೋದು. ಅವನು ತಾನು ಫ್ರೆಂಚ್ ಸರಕಾರದ ದೊಡ್ಡ ಮನುಷ್ಯ, ಇಲ್ ದ ಫ್ರಾನ್ಸ್‌ನಲ್ಲಿ ಸೈನ್ಯ ರೆಡಿ ಇದೆ, ಕೇಳಿದರೆ ಸಾಕು ಅನ್ನೋ ಅರ್ಥದಲ್ಲಿ ಹೇಳಿಕೊಂಡ. ಟಿಪ್ಪುವಿನ ಆಸ್ಥಾನದಲ್ಲೇ ಕೆಲವರಿಗೆ ಇವನ ಮೇಲೆ ಅನುಮಾನ ಇತ್ತು. ಆದರೂ ವರ್ಷದ ಕೊನೆಗೆ ಇಬ್ಬರು ದೂತರು ಗುಟ್ಟಾಗಿ ಮಂಗಳೂರಿನಿಂದ ಹಡಗು ಹತ್ತಿದರು. ಚಳಿಗಾಲದ ಈಶಾನ್ಯ ಗಾಳಿ ಹಿಡಿದು ದಕ್ಷಿಣಕ್ಕೆ, 1798ರ ಜನವರಿಯಲ್ಲಿ ಪೋರ್ಟ್ ಲೂಯಿಸ್‌ಗೆ. ಅಜ್ಜಯ್ಯ ಹೇಳಿದ ಹಾಗೇ, ಗಾಳಿ ನೋಡಿಕೊಂಡೇ ಹೊರಟವರು.

ಆಗ ಊರಿನ ಹೆಸರು ಪೋರ್ಟ್ ಲೂಯಿಸ್ ಅಲ್ಲ. ಫ್ರಾನ್ಸಿನಲ್ಲಿ ರಾಜನ ತಲೆ ಕಡಿದ ಮೇಲೆ ರಾಜನ ಹೆಸರಿನ ಊರು ಇರೋ ಹಾಗಿಲ್ಲವಲ್ಲ, ಬರೀ "ವಾಯವ್ಯ ಬಂದರು" ಅಂತ ಕರೀತಿದ್ದರು. ನೆಪೋಲಿಯನ್ ಚಕ್ರವರ್ತಿ ಆದಮೇಲೆ ಅದೇ ಊರು ಪೋರ್ಟ್ ನೆಪೋಲಿಯನ್ ಆಯ್ತು. ಇಂಗ್ಲಿಷರು ಬಂದಮೇಲೆ ಮತ್ತೆ ಲೂಯಿಸ್. ಬೋರ್ಡ್ ಬರೆಯುವವನಿಗೆ ಕೈತುಂಬ ಕೆಲಸ.

ಹೆಸರು ಕ್ರಾಂತಿಯದ್ದು, ಊರು ಹಳೇದೇ. 1794ರಲ್ಲಿ ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತ್ತು. ಅದನ್ನು ಜಾರಿಗೆ ತರಲು 1796ರಲ್ಲಿ ಬಂದ ಇಬ್ಬರು ಅಧಿಕಾರಿಗಳನ್ನು ಇಲ್ಲಿನ ತೋಟದ ಮಾಲೀಕರು ಕೆಲವೇ ದಿನಗಳಲ್ಲಿ ಹಡಗು ಹತ್ತಿಸಿ ಓಡಿಸಿದ್ದರು. ಟಿಪ್ಪುವಿನ ದೂತರು ಸ್ವಾತಂತ್ರ್ಯದ ಹೆಸರಿನಲ್ಲಿ ಸೈನ್ಯ ಕೇಳಲು ಬಂದದ್ದು ಇಂಥ ಊರಿಗೆ.

ಗವರ್ನರ್ ಮಲಾರ್ತಿಕ್ ಬಳಿ ಕೊಡೋದಕ್ಕೆ ಸೈನ್ಯ ಇರಲಿಲ್ಲ. ದೂತರು ಬಂದದ್ದು ಗುಟ್ಟಾಗಿರಲಿ ಅಂದರೆ ಅವನು ಮರ್ಯಾದೆಗೆ ಬಹಿರಂಗ ಸ್ವಾಗತ ಕೊಟ್ಟ. ಅಷ್ಟಕ್ಕೇ ನಿಲ್ಲಿಸದೆ ಜನವರಿ 30ರಂದು ಪ್ರಕಟಣೆ ಹೊರಡಿಸಿದ: ಟಿಪ್ಪು ನಮ್ಮ ಜತೆ ಒಪ್ಪಂದಕ್ಕೆ ಸಿದ್ಧ, ಇಂಗ್ಲಿಷರನ್ನು ಭಾರತದಿಂದ ಹೊರಹಾಕಲು ಫ್ರೆಂಚರ ದಾರಿ ಕಾಯುತ್ತಿದ್ದಾನೆ, ಸ್ವಂತ ಇಷ್ಟದಿಂದ ಹೋಗೋರು ಹೆಸರು ಕೊಡಿ. ಗುಟ್ಟಿನ ಕಡತವನ್ನು ನೋಟಿಸ್ ಬೋರ್ಡಿಗೆ ಹಾಕಿದ ಹಾಗೆ. ಮಲಾರ್ತಿಕ್ ಮಾಡಿದ್ದು ದಡ್ಡತನವೋ, ಬೇರೆ ಏನಾದರೂ ಲೆಕ್ಕಾಚಾರವೋ ಅಂತ ಇತಿಹಾಸಕಾರರು ಇನ್ನೂ ವಾದ ಮಾಡ್ತಾರೆ. ನಮ್ಮ ಮತ ದಡ್ಡತನಕ್ಕೆ.

ಹೆಸರು ಕೊಟ್ಟವರು ನೂರು ಜನವೂ ಆಗಲಿಲ್ಲ. ಏಪ್ರಿಲ್ ಕೊನೆಗೆ ಲಾ ಪ್ರೆನ್ಯೂಸ್ ಅನ್ನೋ ಯುದ್ಧನೌಕೆ ಅವರನ್ನು ಮಂಗಳೂರಿನಲ್ಲಿ ಇಳಿಸಿತು. ಸಾವಿರಾರು ಸೈನಿಕರನ್ನು ನಿರೀಕ್ಷಿಸಿದ್ದ ಟಿಪ್ಪುವಿಗೆ ಹೇಗಾಗಿರಬೇಡ! ಅತ್ತ ಪ್ರಕಟಣೆಯ ಪ್ರತಿ ಜೂನ್ ಹೊತ್ತಿಗೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯ್ತು. ಹೊಸ ಗವರ್ನರ್ ಜನರಲ್, ಮುಂದೆ ವೆಲ್ಲೆಸ್ಲಿ ಅಂತ ಹೆಸರಾದ ಲಾರ್ಡ್ ಮಾರ್ನಿಂಗ್ಟನ್ ಆಗಷ್ಟೇ ಬಂದು ಕೂತಿದ್ದ. ನೂರು ಜನರಿಂದ ಕಂಪನಿಗೆ ಏನೂ ಆಗೋದಿಲ್ಲ ಅಂತ ಅವನಿಗೂ ಗೊತ್ತಿರಬೇಕು. ಆದರೆ ಕಾಗದ ಕೈಗೆ ಸಿಕ್ಕಿತ್ತು. ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದದ್ದು ಆ ನೆಪಕ್ಕೆ ಇನ್ನಷ್ಟು ಗಾಳಿ ಹಾಕಿತು.

1799ರಲ್ಲಿ ಸೈನ್ಯ ಹೊರಟಿತು. ಕೋಟೆಯ ಪಶ್ಚಿಮದ ಮೂಲೆಯಲ್ಲಿ ಫಿರಂಗಿ ಬಡಿದು ಗೋಡೆ ಒಡೆದರು. ಮೇ 4, ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, ಬೇಸಗೆಯಲ್ಲಿ ಸೊರಗಿದ ಕಾವೇರಿಯನ್ನು ಸಿಪಾಯಿಗಳು ಬಂಡೆ, ಮೊಣಕಾಲುದ್ದದ ನೀರು ತುಳಿದುಕೊಂಡೇ ದಾಟಿದರು. ಮಳೆಗೆ ಇನ್ನು ಕೆಲವೇ ವಾರ ಬಾಕಿ ಇತ್ತು. ಗೋಡೆ ಅಂತ ನಂಬಿದ್ದ ನೀರು ಅವತ್ತು ಇರಲಿಲ್ಲ. ಸಂಜೆಯೊಳಗೆ ಟಿಪ್ಪು ಕೋಟೆಯ ಬಾಗಿಲ ಬಳಿ ಹೆಣಗಳ ನಡುವೆ ಸಿಕ್ಕಿದ.

ಟಿಪ್ಪು ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ (ಕಮೆಂಟ್ ಬಾಕ್ಸಿನಲ್ಲಿ ಅದನ್ನೇ ಶುರು ಮಾಡಬೇಡಿ ಮಾರಾಯ್ರೆ), ನಾವಿಲ್ಲಿ ನೋಡಬೇಕಾದ್ದು ಆಮೇಲೆ ಊರಿಗೆ ಆದದ್ದು. ಜೂನ್ 30ಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಿ ನಡೆಯಿತು, ರಾಜಧಾನಿಯೂ ಅಲ್ಲಿಗೇ ಹೋಯ್ತು. ಮರುವರ್ಷ ಬಂದ ಫ್ರಾನ್ಸಿಸ್ ಬುಕನನ್, ಟಿಪ್ಪುವಿನ ಕಾಲಕ್ಕೆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು, ಈಗ ಉಳಿದವರು ಸುಮಾರು 32 ಸಾವಿರ ಅಂತ ಅಂದಾಜು ಮಾಡಿದ. ಅಲ್ಲಿದ್ದ ಇಂಗ್ಲಿಷ್ ಪಡೆಯನ್ನು ಜ್ವರ ಹಿಡಿಯಿತು. ಸೊಳ್ಳೆ ಕಾಟಕ್ಕೆ ಅವರೂ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ಕಂಟೋನ್ಮೆಂಟ್ ಹುಟ್ಟಿದ ಕಥೆಯಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗೂ ಪಾಲಿದೆ.

ಶ್ರೀರಂಗಪಟ್ಟಣದಲ್ಲಿ ಉಳಿದದ್ದು ಈಗ ಸ್ಮಾರಕ. ಸಿವಿಲ್‌ನವರಿಗೆ ಗೊತ್ತಿರಬಹುದು, ರೈಲು ಹಳಿ ಜೋಡಿ ಮಾಡುವಾಗ ದಾರಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು 2017ರಲ್ಲಿ ಒಡೆಯದೆ, ಇಡೀ ಕಟ್ಟಡವನ್ನೇ ಜ್ಯಾಕ್ ಮೇಲೆ ಎತ್ತಿ ನೂರು ಮೀಟರ್‌ಗೂ ಹೆಚ್ಚು ದೂರ ಸರಿಸಿದರು. ವಿಡಿಯೋ ಸಿಕ್ಕಿದರೆ ನೋಡಿ, ಲ್ಯಾಬ್‌ಗಿಂತ ಚೆನ್ನಾಗಿದೆ.

ಬೀಜಾಡಿ ಮದ್ರಾಸಿಗೆ ಹೋದದ್ದು

ಕ್ವಿಜ್ ಗಲಾಟೆಗೆ ಉತ್ತರ ಇಲ್ಲಿದೆ. 1799ರಲ್ಲಿ ಮೈಸೂರು ಒಡೆಯರಿಗೆ ವಾಪಸ್ ಸಿಕ್ಕಿದ್ದು ಘಟ್ಟದ ಮೇಲಿನ ಸೀಮೆ. ಕನ್ನಡ ಜಿಲ್ಲೆಯನ್ನು, ಅಂದರೆ ಬಾಗಿಲನ್ನು, ಕಂಪನಿ ತಾನೇ ಇಟ್ಟುಕೊಂಡಿತು. ಇನ್ನೊಮ್ಮೆ ಯಾರೂ ಈ ದಾರಿಯಲ್ಲಿ ಫ್ರೆಂಚರನ್ನು ಕರೆಸಿಕೊಳ್ಳಬಾರದು ಅನ್ನೋದು ಸರಳ ಲೆಕ್ಕ. ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1801ರಲ್ಲಿ ಅದೇ ಬುಕನನ್ ಮಂಗಳೂರು, ಉಡುಪಿ, ಬ್ರಹ್ಮಾವರ ದಾಟಿ ಕುಂದಾಪುರಕ್ಕೆ ಹೋದ. ಬೀಜಾಡಿಯ ಆಸುಪಾಸಿನಲ್ಲೇ ಹಾದಿರಬೇಕು. ಅವನು ನೋಡಿದ್ದು ಎರಡು ವರ್ಷದ ಹಿಂದಷ್ಟೇ ಒಡೆಯ ಬದಲಾದ ಸೀಮೆ.

ಅಲ್ಲಿಂದ ನಮ್ಮ ಕಡೆಯವರ ಜಿಲ್ಲೆ ಕಚೇರಿ ಮಂಗಳೂರು, ಅದರ ಮೇಲೆ ಮದ್ರಾಸು. ಕುಂದಾಪುರದಲ್ಲಿ ಕನ್ನಡ ಮಾತಾಡಿ, ಘಟ್ಟ ಹತ್ತಿದರೆ ಅಲ್ಲೂ ಕನ್ನಡ, ಆದರೆ ಸರಕಾರ ಬೇರೆ. 1956ರ ನವೆಂಬರ್ 1ರ ತನಕ ಹೀಗೇ, 157 ವರ್ಷ. ನಾವು ರಾಜ್ಯೋತ್ಸವ ಮಾಡೋದೇ ಆ ಬೇರೆಯಾದ ತುಂಡುಗಳು ಕೂಡಿದ ದಿನಕ್ಕೆ. ಬೀಜಾಡಿಯ ತುಂಡು ಶ್ರೀರಂಗಪಟ್ಟಣದಿಂದ ಬೇರೆಯಾದ ಯುದ್ಧಕ್ಕೆ ನೆಪ ಹುಟ್ಟಿದ್ದು ಪೋರ್ಟ್ ಲೂಯಿಸ್‌ನ ಆ ನೋಟಿಸಿನಲ್ಲಿ. ನೋಟಿಸ್ ಇಲ್ಲದಿದ್ದರೆ ವೆಲ್ಲೆಸ್ಲಿ ಬೇರೆ ನೆಪ ಹುಡುಕುತ್ತಿದ್ದ ಅನ್ನೋದನ್ನು ನಾವೂ ಒಪ್ಪುತ್ತೇವೆ. ಸಿಕ್ಕಿದ್ದು ಮಾತ್ರ ಇದು.

ಬಾಗಿಲಿನ ಊರಿಗೆ ಏನಾಯ್ತು

ಪೋರ್ಟ್ ಲೂಯಿಸ್‌ನ ಸರದಿ 1810ರಲ್ಲಿ ಬಂತು. ಅಲ್ಲಿಂದ ಹೊರಡುವ ಫ್ರೆಂಚ್ ಹಡಗುಗಳು ಕಂಪನಿಯ ವ್ಯಾಪಾರಕ್ಕೆ ಕಾಟ ಕೊಡ್ತಾ ಇದ್ದವು. ಬಾಂಬೆ, ಮದ್ರಾಸು, ಬಂಗಾಳದಿಂದ ಹಡಗು ತುಂಬ ಸೈನ್ಯ ಹೋಯ್ತು; ಅದರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಹನ್ನೆರಡು ವರ್ಷದ ಹಿಂದೆ ನಮ್ಮವರು ಸೈನ್ಯ ಕೇಳಿಕೊಂಡು ಹೋದ ಊರಿಗೆ ಈಗ ನಮ್ಮವರೇ ಸೈನ್ಯವಾಗಿ ಹೋದರು. ಡಿಸೆಂಬರ್ 3ಕ್ಕೆ ಫ್ರೆಂಚ್ ಗವರ್ನರ್ ಶರಣಾದ.

ಆದರೆ ಶ್ರೀರಂಗಪಟ್ಟಣದ ಗತಿ ಆ ಊರಿಗೆ ಬರಲಿಲ್ಲ. ಬಂದರು ಗೆದ್ದವನಿಗೂ ಬೇಕು. ಕೋಟೆಯ ಊರನ್ನು ಗೆದ್ದಮೇಲೆ ಗೆದ್ದವನಿಗೆ ಅದರ ಕೆಲಸ ಮುಗಿಯಿತು. ಬಂದರಿನ ಕೆಲಸ ಮರುದಿನ ಬೆಳಗ್ಗೆಯಿಂದ ಮತ್ತೆ ಶುರು. ಇಂಗ್ಲಿಷರು ಅಲ್ಲಿನವರ ಕಾನೂನು, ಧರ್ಮ, ಪದ್ಧತಿಗಳಿಗೆ ಕೈ ಹಾಕಲ್ಲ ಅಂತ ಒಪ್ಪಿಕೊಂಡರು. ಇವತ್ತಿಗೂ ಅಲ್ಲಿ ಸಂಸತ್ತಿನ ಅಧಿಕೃತ ಭಾಷೆ ಇಂಗ್ಲಿಷ್, ಜನ ಓದೋ ಪೇಪರ್ ಫ್ರೆಂಚ್, ಬಸ್ಸಿನಲ್ಲಿ ಜಗಳ ಆಡೋದು ಕ್ರಿಯೋಲ್‌ನಲ್ಲಿ. ಗುಲಾಮರೂ ಮಾಲೀಕರೂ ಒಬ್ಬರಿಗೊಬ್ಬರು ಅರ್ಥ ಆಗಬೇಕಲ್ಲ ಅಂತ ಫ್ರೆಂಚ್ ಪದಗಳನ್ನು ಬೇರೆ ಅಚ್ಚಿಗೆ ಹಾಕಿ ಹುಟ್ಟಿದ ಮಾತು ಅದು.

1835ರ ಫೆಬ್ರವರಿ 1ಕ್ಕೆ ಗುಲಾಮಗಿರಿ ಹೋಯ್ತು. ಪರಿಹಾರದ ಹಣ ಸಿಕ್ಕಿದ್ದು ಮಾಲೀಕರಿಗೆ, ಗುಲಾಮರಾಗಿದ್ದವರಿಗಲ್ಲ. ಕಬ್ಬಿನ ತೋಟಕ್ಕೆ ಆಳು ಬೇಕು, ಅದಕ್ಕೆ ಮಾಲೀಕರು ಆಗಲೇ ಭಾರತದ ಕಡೆ ತಿರುಗಿದ್ದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗಿನಲ್ಲಿ 36 ಜನ ಕರಾರಿನ ಕೂಲಿಗಳು ಕಲ್ಕತ್ತೆಯಿಂದ ಪೋರ್ಟ್ ಲೂಯಿಸ್‌ಗೆ ಬಂದಿಳಿದರು. ಅದು ಶುರು ಅಷ್ಟೇ. 1920ರ ಸುಮಾರಿಗೆ ಇದು ನಿಲ್ಲುವಷ್ಟರಲ್ಲಿ ಕಲ್ಕತ್ತೆ, ಮದ್ರಾಸು, ಬಾಂಬೆ ಬಂದರುಗಳಿಂದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದಿದ್ದರು: ಭೋಜಪುರಿ, ತಮಿಳು, ತೆಲುಗು, ಮರಾಠಿ ಮಾತಾಡುವವರು. ಬಂದರಿನಲ್ಲಿ ಅವರನ್ನು ಇಳಿಸಿ, ಎಣಿಸಿ, ನಂಬರ್ ಕೊಟ್ಟು ತೋಟಗಳಿಗೆ ಹಂಚುತ್ತಿದ್ದ ಕಟ್ಟಡದ ಉಳಿದ ಭಾಗ ಈಗ ಆಪ್ರವಾಸಿ ಘಾಟ್. 2006ರಿಂದ ವಿಶ್ವ ಪರಂಪರೆಯ ತಾಣ. ದಡದಿಂದ ಮೇಲೆ ಹತ್ತುವ ಹದಿನಾರು ಕಲ್ಲಿನ ಮೆಟ್ಟಿಲು ಇನ್ನೂ ಇವೆ. ಒಬ್ಬೊಬ್ಬರೂ ಹತ್ತಿದ ಮೆಟ್ಟಿಲು. ಇಂದು ಮಾರಿಷಸ್‌ನ ಹೆಚ್ಚಿನವರ ಅಜ್ಜ-ಮುತ್ತಜ್ಜಂದಿರ ಹೆಜ್ಜೆ ಅದರ ಮೇಲಿದೆ.

1866ರಿಂದ ಎರಡು ವರ್ಷ ಮಲೇರಿಯಾ ಊರನ್ನು ಹಿಂಡಿತು. ಕಾಸಿದ್ದವರು ಎತ್ತರದ ಕ್ಯುರ್‌ಪಿಪ್ ಕಡೆ ಮನೆ ಮಾಡಿಕೊಂಡರು. ಇಲ್ಲೂ ಸೊಳ್ಳೆ! ಆದರೆ ಶ್ರೀರಂಗಪಟ್ಟಣದ ಹಾಗೆ ಊರು ಖಾಲಿಯಾಗಲಿಲ್ಲ. ಬಂದರು ಇತ್ತು, ಬಂದರಿನ ಕೂಲಿ ಮಾಡುವವರು ಇದ್ದರು. ಈಗ ಪೋರ್ಟ್ ಲೂಯಿಸ್‌ನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಬುಕನನ್ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಹಾಕಿದ ಅಂದಾಜೂ ಅಷ್ಟೇ.

ಆ ಊರು ಯಾರದ್ದು ಅಂತ ಕೇಳಿದರೆ ಉತ್ತರ ಕಷ್ಟ. ಮೂಲನಿವಾಸಿಗಳೇ ಇಲ್ಲದ ನೆಲ, ಎಲ್ಲರೂ ಹಡಗಿನಿಂದ ಇಳಿದವರೇ. ಇಳಿದ ರೀತಿ ಮಾತ್ರ ಬೇರೆ ಬೇರೆ: ಒಬ್ಬ ಮಾಲೀಕನಾಗಿ, ಒಬ್ಬ ಸರಪಳಿಯಲ್ಲಿ, ಒಬ್ಬ ಓದೋಕೆ ಬಾರದ ಕರಾರಿಗೆ ಹೆಬ್ಬೆಟ್ಟು ಒತ್ತಿ, ಒಬ್ಬ ಚೀನಾದಿಂದ ಅಂಗಡಿ ಇಡೋಕೆ. ಅದು ಎಲ್ಲರನ್ನೂ ಒಂದುಮಾಡಿದೆ ಅಂತ ಟೂರಿಸಂ ಜಾಹೀರಾತು ಹೇಳುತ್ತೆ. ಪೂರ್ತಿ ನಿಜ ಅಲ್ಲ. ಸ್ವಾತಂತ್ರ್ಯಕ್ಕೆ ಎರಡು ತಿಂಗಳಿರುವಾಗ, 1968ರ ಜನವರಿಯಲ್ಲಿ, ಪೋರ್ಟ್ ಲೂಯಿಸ್ ಕೇರಿಗಳಲ್ಲಿ ಕ್ರಿಯೋಲರಿಗೂ ಮುಸ್ಲಿಮರಿಗೂ ಹೊಡೆದಾಟ ಆಗಿ ಜನ ಸತ್ತರು, ಅಕ್ಕಪಕ್ಕ ಬದುಕಿದವರು ಮನೆ ಬದಲಿಸಿದರು. ಮಾರ್ಚ್ 12ಕ್ಕೆ ಅದೇ ಊರಿನ ಕುದುರೆ ಓಟದ ಮೈದಾನದಲ್ಲಿ ಹೊಸ ಬಾವುಟ ಏರಿತು. ಆ ದಿನಾಂಕ ಗಾಂಧೀಜಿಯ ದಂಡಿ ಯಾತ್ರೆ ಹೊರಟ ದಿನ. 1901ರಲ್ಲಿ ಗಾಂಧೀಜಿಯೂ ದಕ್ಷಿಣ ಆಫ್ರಿಕಾದಿಂದ ಬರುವಾಗ ಕೆಲ ದಿನ ಇಲ್ಲಿ ತಂಗಿದ್ದರು. 1999ರಲ್ಲಿ ಕಾಯಾ ಎಂಬ ಕ್ರಿಯೋಲ್ ಹಾಡುಗಾರ ಪೊಲೀಸ್ ಕಸ್ಟಡಿಯಲ್ಲಿ ಸತ್ತಾಗ ಮತ್ತೆ ದಂಗೆ. ಗುಲಾಮರ ಮೊಮ್ಮಕ್ಕಳಿಗೆ, ಈ ದೇಶದಲ್ಲಿ ನಮ್ಮ ಪಾಲೆಲ್ಲಿ ಅನ್ನೋ ಪ್ರಶ್ನೆ ಇನ್ನೂ ಇದೆ.

ನಮಗೆ ಹೆಚ್ಚು ಹಿಡಿಸಿದ್ದು ನೋಟಿನ ಕಥೆ. ಮಾರಿಷಸ್ ರೂಪಾಯಿ ನೋಟಿನಲ್ಲಿ ಇಂಗ್ಲಿಷ್ ಮೊದಲು, ಆಮೇಲೆ ತಮಿಳು, ಆಮೇಲೆ ನಾಗರಿ ಲಿಪಿ. 1998ರ ಹೊಸ ನೋಟಿನಲ್ಲಿ ತಮಿಳು ಕೆಳಗೆ, ನಾಗರಿ ಮೇಲೆ ಬಂತು. ಎರಡು ಸಾಲು ಅದಲು ಬದಲು, ಅಷ್ಟೇ. ತಮಿಳರು ಬೀದಿಗಿಳಿದರು: ಪಾಂಡಿಚೇರಿಯಿಂದ ಮೊದಲು ಬಂದವರು ನಾವು, ನಮ್ಮ ಸಾಲು ಮೇಲೇ ಇರಬೇಕು. ಸರಕಾರ ನೋಟನ್ನೇ ವಾಪಸ್ ತೆಗೆದುಕೊಂಡು ಹಳೇ ಕ್ರಮದಲ್ಲಿ ಅಚ್ಚು ಹಾಕಿಸಿತು. ವಿಚಿತ್ರ ಅಂದರೆ, ಬಹುತೇಕ ಎಲ್ಲರ ಮನೆಮಾತಾದ ಕ್ರಿಯೋಲ್‌ಗೆ ಆ ಮೂರು ಸಾಲಿನಲ್ಲಿ ಜಾಗವೇ ಇರಲಿಲ್ಲ. ಶಾಲೆಯಲ್ಲಿ ಅದನ್ನೊಂದು ವಿಷಯವಾಗಿ ಕಲಿಸೋಕೆ ಶುರುವಾದದ್ದು 2012ರಲ್ಲಿ. ಅಲ್ಲಿಯ ತನಕ ಅದು "ಸರಿಯಾದ ಭಾಷೆ ಅಲ್ಲ, ಒಡೆದ ಫ್ರೆಂಚ್" ಅನ್ನೋದು ತುಂಬ ಜನರ ವಾದ.

ಈ ವಾಕ್ಯ ಓದುವಾಗ ನಮ್ಮ ಬೀಜಾಡಿ ಹುಡುಗ ಸುಮ್ಮನಾದ. ಆಮೇಲೆ ಹೇಳಿದ, ಫಸ್ಟ್ ಸೆಮ್‌ನಲ್ಲಿ ಬಾಯಿ ಬಿಟ್ಟರೆ ಎಲ್ಲ ನಗಾಡ್ತಿದ್ದರಂತೆ, "ಹೋಯ್ಕ್, ಬರ್ಕ್ ಅಂತ ಇದೆಂತ ಕನ್ನಡ" ಅಂತ. ಎರಡು ತಿಂಗಳು ಹಾಸ್ಟೆಲಿನಲ್ಲಿ ಅವನು ಬೆಂಗಳೂರು ಕನ್ನಡವನ್ನೇ ಕಷ್ಟಪಟ್ಟು ಆಡಿದನಂತೆ. ಈಗ ಆಸಾಡಿ ಅಮಾಸೆಗೆ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಸ್ಟೇಟಸ್ ಹಾಕುವವರಲ್ಲಿ ಅವನೇ ಮೊದಲಿಗ. ನಗಾಡಿದವರಲ್ಲಿ ನಾವೂ ಇಬ್ಬರಿದ್ವಿ. ಈ ಮ್ಯಾಗಜಿನ್‌ಗೆ ಅವನು ಕೊಟ್ಟ ಮೊದಲ ಬರಹವನ್ನು "ಶುದ್ಧ" ಮಾಡಿದವರೂ ನಾವೇ. ಆ ಬರಹವನ್ನು ಅವನು ಬರೆದಂತೆಯೇ ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ.

ಮಾರಿಷಸ್‌ನಲ್ಲಿ ಎರಡು ಸರಕಾರಿ ರಜೆಗಳಿವೆ. ಫೆಬ್ರವರಿ 1, ಗುಲಾಮಗಿರಿ ಹೋದ ದಿನ. ನವೆಂಬರ್ 2, ಕೂಲಿಗಳು ಬಂದಿಳಿದ ದಿನ, ನಮ್ಮ ರಾಜ್ಯೋತ್ಸವದ ಮರುದಿನ. ಪೋರ್ಟ್ ಲೂಯಿಸ್ ಬೀದಿಯಲ್ಲಿ ಆ ದಿನವೂ ಎಲ್ಲರೂ ನಿಂತು ತಿನ್ನೋದು ದಾಲ್ ಪುರಿ, ಮತ್ತೆ ಬೇಳೆ ನೆನೆಸಿ ರುಬ್ಬಿ ಮೆಣಸು ಹಾಕಿ ಕರಿದ ಗಾತೋ ಪಿಮಾ. ಫೋಟೋ ತೋರಿಸಿದಾಗ ಅಜ್ಜಯ್ಯ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಇದ್ ಬೇಳೆ ವಡೆ ಅಲ್ದಾ ಮಾರಾಯ್ರೆ? ಅಲ್ಲಿಗ್ ಯಾರ್ ತಕಂಡ್ ಹೋದ್ದ್?"

ಪ್ರಶ್ನೆ ಕ್ಯಾನ್ಸಲ್ ಮಾಡಿಲ್ಲ. ಶ್ರೀರಂಗಪಟ್ಟಣ ಅಂದ ಎರಡು ತಂಡಗಳಿಗೆ ಅರ್ಧರ್ಧ ಮಾರ್ಕ್ ಕೊಟ್ಟಿದ್ದೇವೆ. ಆದರೂ ಮೆಕ್ಯಾನಿಕಲ್ ಫೈನಲ್‌ಗೆ ಬರಲಿಲ್ಲ.